44ನೇ ಬೀದಿಯ ಸುಣ್ಣಕಲ್ಲಿನ ಮನೆ

ಬೇಸಿಗೆ ಬಂತೆಂದರೆ ಅಜ್ಜಿಯ ಊರು ನಾಗಲದಿನ್ನೆಯಲ್ಲಿ ಯಾರೂ ಮನೆಯೊಳಗೆ ಮಲಗುತ್ತಿರಲಿಲ್ಲ. ಹೊತ್ತು ಇಳಿಯುತ್ತಲೇ ಮಾಳಿಗೆಯ ಮೇಲೆ ನೀರು ಚಿಮುಕಿಸಿ, ಚಾಪೆ ಹಾಸಿ, ತುಂಗಭದ್ರೆಯ ಕಡೆಯಿಂದ ಯಾವಾಗ ಗಾಳಿ ಬೀಸೀತೋ ಎಂದು ಕಾಯುತ್ತ ಒರಗುತ್ತಿದ್ದೆವು. ಟೆಕ್ಸಸ್ಸಿನ ಆಸ್ಟಿನ್‌ಗೆ ಬಂದ ಹೊಸದರಲ್ಲಿ ಇಲ್ಲಿಯ ಧಗೆ ಕಂಡು ನನಗೆ ಮೊದಲು ನೆನಪಾದದ್ದು ಆ ಮಾಳಿಗೆಯೇ. ಎಸಿ ಇಲ್ಲದ ಕಾಲದಲ್ಲಿ ಇಲ್ಲಿನವರು ರಾತ್ರಿ ಹೇಗೆ ಕಳೆಯುತ್ತಿದ್ದರೋ ಎಂದು ಯೋಚಿಸುತ್ತಿದ್ದೆ. ಒಬ್ಬರ ಮಟ್ಟಿಗಾದರೂ ಉತ್ತರ ಸಿಕ್ಕಿದ್ದು ಹೈಡ್ ಪಾರ್ಕ್ ಬಡಾವಣೆಯ ಪೂರ್ವ 44ನೇ ಬೀದಿಯಲ್ಲಿ. ಸುಮಾರು ನೂರಿಪ್ಪತ್ತೈದು ವರ್ಷಗಳ ಹಿಂದೆ, ಅರವತ್ತು ದಾಟಿದ ಹೆಂಗಸೊಬ್ಬರು ಅಲ್ಲಿ ತಮ್ಮ ಮನೆಯ ಮಾಳಿಗೆಯ ಮೇಲೆ ಜೋಲಿ ಕಟ್ಟಿಕೊಂಡು ಮಲಗುತ್ತಿದ್ದರು. ಅವರ ಹೆಸರು ಎಲಿಸಬೆಟ್ ನೇಯ್, ಶಿಲ್ಪಿ. ಅವರ ಮನೆ ಈಗಲೂ ಇದೆ, ಒಳಗೆ ಅವರ ಉಪಕರಣಗಳಿವೆ, ಪೀಠೋಪಕರಣಗಳಿವೆ, ಸುತ್ತಲೂ ಅವರು ಮಾಡಿದ ಬಿಳಿ ಬಿಳಿ ಪ್ರತಿಮೆಗಳಿವೆ. ಒಳಗೆ ಹೋಗಲು ಟಿಕೆಟ್ಟಿಲ್ಲ.

ಈ ಊರಿಗೆ ಬಂದ ನಮ್ಮವರು ಬಂಧುಗಳು ಬಂದಾಗ ಕರೆದೊಯ್ಯುವುದು ಕ್ಯಾಪಿಟಲ್ ಕಟ್ಟಡಕ್ಕೆ. ಗ್ರಾನೈಟಿನ ಆ ದೊಡ್ಡ ಕಟ್ಟಡ 1888ರದು. ದಕ್ಷಿಣದ ಬಾಗಿಲಿನಿಂದ ಒಳಗೆ ಹೋದವರಿಗೆ ಇಕ್ಕೆಲದಲ್ಲಿ ಎರಡು ಅಮೃತಶಿಲೆಯ ಪ್ರತಿಮೆಗಳು ಎದುರಾಗುತ್ತವೆ. ಒಂದು ಸ್ಯಾಮ್ ಹೂಸ್ಟನ್, ಇನ್ನೊಂದು ಸ್ಟೀಫನ್ ಆಸ್ಟಿನ್. ಒಬ್ಬರ ಹೆಸರು ಹೂಸ್ಟನ್ ನಗರಕ್ಕೆ, ಇನ್ನೊಬ್ಬರದು ನಾವಿರುವ ಊರಿಗೆ. ಅವುಗಳ ಮುಂದೆ ನಿಂತು ನಾವೆಲ್ಲ ಫೋಟೋ ತೆಗೆಸಿಕೊಂಡಿದ್ದೇವೆ. ಮಾಡಿದವರು ಯಾರೆಂದು ನಾನಂತೂ ಏಳು ವರ್ಷ ಕೇಳಿರಲಿಲ್ಲ. ಮಾಡಿದವರು ಈ ಎಲಿಸಬೆಟ್. ವಾಷಿಂಗ್ಟನ್ನಿನ ಕ್ಯಾಪಿಟಲ್‌ನಲ್ಲಿ ಪ್ರತಿ ರಾಜ್ಯಕ್ಕೂ ತನ್ನ ಇಬ್ಬರು ಹಿರಿಯರ ಪ್ರತಿಮೆ ಇರಿಸಲು ಅವಕಾಶವಿದೆ. 1905ರಿಂದ ಅಲ್ಲಿ ಟೆಕ್ಸಸ್ಸಿನ ಪರವಾಗಿ ನಿಂತಿರುವ ಎರಡು ಪ್ರತಿಮೆಗಳೂ ಅವರ ಕೈಯವೇ. ಟೆಕ್ಸಸ್ ತನ್ನ ಮುಖವೆಂದು ದೇಶಕ್ಕೆ ತೋರಿಸುವ ಎರಡೂ ಪ್ರತಿಮೆಗಳನ್ನು ಮಾಡಿದ್ದು ಹೊರದೇಶದಿಂದ ಬಂದ ಒಬ್ಬ ಹೆಂಗಸು. ನಮ್ಮ ಮಕ್ಕಳಿಗೆ ಇದು ತಿಳಿದಿರಬೇಕು ಎನ್ನುವುದು ನಾನು ಈ ಲೇಖನ ಬರೆಯಲು ಕೂತದ್ದಕ್ಕೆ ಒಂದು ಕಾರಣ.

ಎಲಿಸಬೆಟ್ ಹುಟ್ಟಿದ್ದು 1833ರ ಜನವರಿ 26ರಂದು, ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ. ತಂದೆ ಕಲ್ಲು ಕೆತ್ತುವವರು. ಮನೆಯಲ್ಲೇ ಉಳಿ ಸುತ್ತಿಗೆಯ ಸದ್ದು ಕೇಳಿ ಬೆಳೆದ ಹುಡುಗಿ ಶಿಲ್ಪ ಕಲಿಯುತ್ತೇನೆಂದು ಹಟ ಹಿಡಿದಳು. ಹೆತ್ತವರು ಸುತರಾಂ ಒಪ್ಪಲಿಲ್ಲ. ಹುಡುಗಿ ಊಟ ಬಿಟ್ಟು ಕೂತಳು. ವಾರಗಟ್ಟಲೆ ನಡೆದ ಆ ಉಪವಾಸಕ್ಕೆ ಸೋತ ಅಪ್ಪ ಅಮ್ಮ ಕಡೆಗೆ ಊರಿನ ಬಿಷಪ್ಪರನ್ನು ಕರೆಸಿ ಬುದ್ಧಿ ಹೇಳಿಸಬೇಕಾಯಿತು. ಗೆದ್ದದ್ದು ಮಗಳೇ. 1852ರಲ್ಲಿ ಮ್ಯೂನಿಕ್ ಕಲಾ ಅಕಾಡೆಮಿಯ ಶಿಲ್ಪ ತರಗತಿಗೆ ಸೇರಿದ ಮೊದಲ ಹೆಣ್ಣುಮಗಳು ಆಕೆ. ಅಲ್ಲಿ ಮುಗಿಸಿ ಬರ್ಲಿನ್ನಿಗೆ ಹೋಗಿ, ಆ ಕಾಲದ ದೊಡ್ಡ ಶಿಲ್ಪಿ ಕ್ರಿಶ್ಚಿಯನ್ ಡೇನಿಯಲ್ ರೌಖ್ ಅವರ ಕೈಕೆಳಗೆ ಪಳಗಿದರು.

ಮುಂದಿನ ಹತ್ತು ಹದಿಮೂರು ವರ್ಷಗಳಲ್ಲಿ ಅವರೆದುರು ಕೂತವರ ಹೆಸರು ಕೇಳಿದರೆ ಬೆರಗಾಗುತ್ತದೆ. ಜನಪದ ಕಥೆಗಳನ್ನು ಕೂಡಿಹಾಕಿದ ಗ್ರಿಮ್ ಸಹೋದರರಲ್ಲಿ ಹಿರಿಯರಾದ ಯಾಕೋಬ್ ಗ್ರಿಮ್, ಇಟಲಿಯನ್ನು ಒಗ್ಗೂಡಿಸಲು ಹೋರಾಡಿದ ಗಾರಿಬಾಲ್ಡಿ, ಬಿಸ್ಮಾರ್ಕ್, ಬವೇರಿಯಾದ ದೊರೆ ಎರಡನೇ ಲುಡ್ವಿಗ್. ಇವರೆಲ್ಲರಿಗಿಂತ ನನಗೆ ಹತ್ತಿರ ಅನ್ನಿಸಿದ್ದು ತತ್ವಜ್ಞಾನಿ ಶೋಪೆನ್‌ಹವರ್. ಹೆಂಗಸರ ಬಗ್ಗೆ ಕಟುವಾಗಿ ಬರೆದಿದ್ದ ಆ ಮುದುಕ, ಮಲಗುವ ಮುಂಚೆ ಉಪನಿಷತ್ತುಗಳ ಲ್ಯಾಟಿನ್ ಅನುವಾದ ಓದುತ್ತಿದ್ದವರು, 1859ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಈ ಇಪ್ಪತ್ತಾರರ ಹುಡುಗಿಯ ಮುಂದೆ ದಿನಗಟ್ಟಲೆ ಕೂತರು. ಮರುವರ್ಷವೇ ತೀರಿಕೊಂಡರು. ಆ ಮುಖ ಇಂದು ನಮ್ಮ ಮನೆಗಳಿಂದ ಅರ್ಧ ಗಂಟೆಯ ದಾರಿಯಲ್ಲಿದೆ. ಹಣೆಯ ಸುಕ್ಕು, ಕೆನ್ನೆಯ ಪಕ್ಕದ ಕೆದರಿದ ಕೂದಲು, ಬಿಗಿದ ತುಟಿ, ಎಲ್ಲವೂ ಇದೆ. ಮಾತಾಡಲು ಬಾಯಿ ತೆರೆಯುವ ಮುಂಚಿನ ಗಳಿಗೆ ಅದು.

1863ರಲ್ಲಿ, ಪೋರ್ಚುಗಲ್ಲಿಗೆ ಸೇರಿದ ಮದೀರಾ ದ್ವೀಪದಲ್ಲಿ, ಸ್ಕಾಟ್ಲೆಂಡಿನ ವೈದ್ಯ ಹಾಗೂ ಚಿಂತಕ ಎಡ್ಮಂಡ್ ಮಾಂಟ್ಗೋಮರಿ ಅವರನ್ನು ಎಲಿಸಬೆಟ್ ಮದುವೆಯಾದರು. ಗಂಡನ ಹೆಸರು ಸೇರಿಸಿಕೊಳ್ಳಲಿಲ್ಲ. ಮದುವೆಯಾಗಿದೆ ಎಂಬುದನ್ನೂ ನಾಲ್ಕು ಜನರ ಮುಂದೆ ಒಪ್ಪುತ್ತಿರಲಿಲ್ಲ. ಹೆಂಡತಿ ಎಂಬ ಪಟ್ಟ ತನ್ನನ್ನು ಗಂಡನ ಆಸ್ತಿಯ ಪಟ್ಟಿಗೆ ಸೇರಿಸುತ್ತದೆ ಎಂಬ ಭಾವನೆ ಆಕೆಯದು. ಇಂಥವರು 1871ರಲ್ಲಿ ಅಮೆರಿಕಕ್ಕೆ ಬಂದು, ಮೊದಲು ಜಾರ್ಜಿಯಾದಲ್ಲಿ ಇದ್ದು, 1873ರಲ್ಲಿ ಟೆಕ್ಸಸ್ಸಿನ ಹೆಂಪ್‌ಸ್ಟೆಡ್ ಹತ್ತಿರ ಲಿಯೆಂಡೋ ಎಂಬ ಹತ್ತಿಯ ತೋಟ ಕೊಂಡರು.

ಹತ್ತಿಯ ಮಾತು ಬಂದಲ್ಲಿ ನಾನು ಸ್ವಲ್ಪ ನಿಲ್ಲಬೇಕು. ನಮ್ಮೂರ ಕಡೆಯ ಆದೋನಿ ಎಂದರೆ ಹತ್ತಿ. ಮಾರುಕಟ್ಟೆಯ ಅಂಗಳದಲ್ಲಿ ಬಿಳಿ ರಾಶಿಗಳು, ಜಿನ್ನಿಂಗ್ ಮಿಲ್ಲುಗಳ ಧೂಳು, ಆ ಸೀಸನ್ನಿನಲ್ಲಿ ಊರಿನ ಗಾಳಿಯಲ್ಲೇ ಹಾರಾಡುವ ಎಳೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಅಂಟಾಗುತ್ತದೆ. ಆಸ್ಟಿನ್ ನಗರದ ಪೂರ್ವಕ್ಕೆ ಇರುವುದೂ ಅದೇ ಜಾತಿಯ ಮಣ್ಣು. ಫ್ಲೂಗರ್‌ವಿಲ್, ಹಟ್ಟೋ ಕಡೆ ಮನೆ ಕೊಂಡವರು ಗೋಡೆಯ ಬಿರುಕು ನೋಡಿ ಅಡಿಪಾಯದವರನ್ನು ಕರೆಸುವುದು ಈ ಮಣ್ಣಿನಿಂದಲೇ. ಇಲ್ಲಿಯವರು ಅದಕ್ಕೆ ‘ಹೂಸ್ಟನ್ ಬ್ಲ್ಯಾಕ್’ ಎನ್ನುತ್ತಾರೆ, ಟೆಕ್ಸಸ್ ರಾಜ್ಯದ ಮಣ್ಣೆಂದು ಅದಕ್ಕೆ ಮನ್ನಣೆಯೂ ಇದೆ. ಸಾವಿರಾರು ಮೈಲಿ ದಾಟಿ ಬಂದ ನಾನು ಕಾಲಿಟ್ಟದ್ದು ಮತ್ತೆ ಎರೆಭೂಮಿಗೇ ಎಂದು ತಿಳಿದ ದಿನ ಅಣ್ಣನಿಗೆ ಫೋನು ಮಾಡಿ ಹೇಳಿದ್ದೆ.

ಆದರೆ ಇಲ್ಲಿಯ ಹತ್ತಿಯ ಕಥೆಯಲ್ಲಿ ನಮ್ಮಲ್ಲಿಲ್ಲದ ಒಂದು ಕರಾಳ ಪುಟವಿದೆ. ಲಿಯೆಂಡೋದ ದೊಡ್ಡ ಬಂಗಲೆ ಎದ್ದದ್ದೂ, ಅದರ ಹೊಲಗಳು ಬೆಳೆದದ್ದೂ ಆಫ್ರಿಕಾ ಮೂಲದ ಗುಲಾಮರ ದುಡಿಮೆಯಿಂದ. ಎಲಿಸಬೆಟ್ ಬರುವ ಹೊತ್ತಿಗೆ ಗುಲಾಮಗಿರಿ ಕಾನೂನಿನಲ್ಲಿ ಮುಗಿದು ಎಂಟು ವರ್ಷವಾಗಿತ್ತು, ಅಷ್ಟೇ. ಮುಂದೆ ಆಕೆ ಪ್ರತಿಮೆ ಮಾಡಿದ ಸ್ಟೀಫನ್ ಆಸ್ಟಿನ್ ಗುಲಾಮಗಿರಿ ಉಳಿಸಿಕೊಳ್ಳಲು ವಾದಿಸಿದವರು. ಸ್ಯಾಮ್ ಹೂಸ್ಟನ್ ತಾವೇ ಗುಲಾಮರನ್ನು ಇಟ್ಟುಕೊಂಡವರು, ಆದರೂ ಟೆಕ್ಸಸ್ ಒಕ್ಕೂಟದಿಂದ ಹೊರಬರುವುದನ್ನು ವಿರೋಧಿಸಿ, ಪ್ರಮಾಣವಚನ ಮಾಡಲೊಪ್ಪದೆ 1861ರಲ್ಲಿ ಗವರ್ನರ್ ಹುದ್ದೆ ಕಳೆದುಕೊಂಡರು. ರಾಜ್ಯದ ಸ್ಮಶಾನದಲ್ಲಿ ಆಕೆ ಮಾಡಿದ ಮಲಗಿದ ಯೋಧನ ಅಮೃತಶಿಲೆ, ಗುಲಾಮಗಿರಿಯ ಪರ ಹೋರಾಡಿ 1862ರಲ್ಲಿ ಸತ್ತ ದಂಡನಾಯಕ ಆಲ್ಬರ್ಟ್ ಸಿಡ್ನಿ ಜಾನ್‌ಸ್ಟನ್‌ದು. ಕೆಲಸ ಎಷ್ಟು ಸುಂದರವೋ ವಿಷಯ ಅಷ್ಟೇ ಭಾರ. ಮಕ್ಕಳಿಗೆ ತೋರಿಸುವಾಗ ಎರಡನ್ನೂ ಹೇಳಬೇಕು ಎಂದು ನನ್ನ ಅಭಿಪ್ರಾಯ.

ಲಿಯೆಂಡೋದಲ್ಲಿ ಸುಮಾರು ಇಪ್ಪತ್ತು ವರ್ಷ ಶಿಲ್ಪ ನಿಂತಿತು. ಬಂದ ವರ್ಷವೇ ಎರಡು ವರ್ಷದ ಹಿರಿಮಗ ಆರ್ಥರ್ ಗಂಟಲಮಾರಿಗೆ ತುತ್ತಾದ. ಎಡ್ಮಂಡ್ ಪ್ರಯೋಗ, ಪುಸ್ತಕಗಳಲ್ಲಿ ಮುಳುಗಿದ್ದರು. ತೋಟ, ಸಾಲ, ಆಳುಕಾಳು, ಕಿರಿಮಗ ಲಾರ್ನ್, ಎಲ್ಲವನ್ನೂ ಎಲಿಸಬೆಟ್ ನಡೆಸಿದರು. ಜರ್ಮನಿಯಿಂದ ಜೊತೆಗೇ ಬಂದ ಮನೆವಾರ್ತೆಯ ಸೆನ್ಸಿ ಎಂಬಾಕೆ ಇರದಿದ್ದರೆ ಆ ಮನೆ ನಡೆಯುತ್ತಿರಲಿಲ್ಲ. ಇಂಥವರ ಹೆಸರನ್ನು ಚರಿತ್ರೆ ಅಡಿಗೆಮನೆಯಲ್ಲೇ ಬಿಟ್ಟು ಬರುತ್ತದೆ, ಹಾಗಾಗಿ ಇಲ್ಲಿ ಬರೆದಿದ್ದೇನೆ.

ಮತ್ತೆ ಉಳಿ ಹಿಡಿಯುವ ಅವಕಾಶ ಬಂದಾಗ ಆಕೆಗೆ ಐವತ್ತೊಂಬತ್ತು. 1893ರಲ್ಲಿ ಷಿಕಾಗೋದ ವಿಶ್ವ ಮೇಳ ಇತ್ತು. ನಮಗೆ ಅದು ಗೊತ್ತಿರುವುದು ಸ್ವಾಮಿ ವಿವೇಕಾನಂದರಿಂದ. ಅವರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅದೇ ಮೇಳದ ಅಂಗವಾಗಿ. ಆ ಮೇಳಕ್ಕೆ ಟೆಕ್ಸಸ್ಸಿನಿಂದ ಕಳಿಸಲು ಹೂಸ್ಟನ್ ಮತ್ತು ಆಸ್ಟಿನ್ ಇಬ್ಬರ ಪ್ರತಿಮೆ ಮಾಡಿಕೊಡಿ ಎಂದು ಇಲ್ಲಿಯ ಮಹಿಳೆಯರ ಸಮಿತಿ ಕೇಳಿತು. ಎಲಿಸಬೆಟ್ ಒಪ್ಪಿದರು. 1892ರಲ್ಲಿ ಆಗಷ್ಟೇ ಊರಿನ ಉತ್ತರಕ್ಕೆ ಏಳುತ್ತಿದ್ದ ಹೈಡ್ ಪಾರ್ಕ್‌ನಲ್ಲಿ ಜಾಗ ಕೊಂಡು, ಇಲ್ಲಿಯ ಸುಣ್ಣಕಲ್ಲಿನಿಂದ ಗ್ರೀಕರ ಗುಡಿಯಂಥ ಒಂದು ಪುಟ್ಟ ಕಟ್ಟಡ ಎಬ್ಬಿಸಿದರು. ಫಾರ್ಮೋಸಾ ಎಂದು ಹೆಸರಿಟ್ಟರು. ಪೋರ್ಚುಗೀಸಿನಲ್ಲಿ ಸುಂದರ ಎಂದರ್ಥ, ಮದೀರಾದಲ್ಲಿ ಅವರಿದ್ದ ಮನೆಗೂ ಇದೇ ಹೆಸರಿತ್ತು. ಹೂಸ್ಟನ್ ಮೇಳಕ್ಕೆ ಹೋಯಿತು, ಆಸ್ಟಿನ್ ಪ್ರತಿಮೆ ಹೊತ್ತಿಗೆ ಸಿದ್ಧವಾಗಲಿಲ್ಲ.

ಈ ಜೋಡಿಯ ಬಗ್ಗೆ ಇಲ್ಲಿ ಒಂದು ಮಾತು ಬಾಯಿಂದ ಬಾಯಿಗೆ ಬಂದಿದೆ. ಹೂಸ್ಟನ್ ಎತ್ತರದ ಆಳು, ಆಸ್ಟಿನ್ ಸಣ್ಣ ಮೈಕಟ್ಟಿನವರು. ಇಬ್ಬರನ್ನೂ ಒಂದೇ ಎತ್ತರ ಮಾಡಬಾರದಿತ್ತೇ ಎಂದು ಯಾರೋ ಆಕ್ಷೇಪ ತೆಗೆದರಂತೆ. ದೇವರು ಹಾಗೆ ಮಾಡಿದ್ದಾನೆ, ನಾನು ನೋಡಿದ ಹಾಗೆ ಮಾಡಿದ್ದೇನೆ, ದೂರಿದ್ದರೆ ಅವನ ಹತ್ತಿರ ಹೇಳಿ ಎಂದರಂತೆ ಎಲಿಸಬೆಟ್.

ಫಾರ್ಮೋಸಾದಲ್ಲಿ ಆಕೆಯ ಬದುಕು ನೆರೆಯವರ ಹುಬ್ಬೇರಿಸುವಂತಿತ್ತು. ಮೋಟು ಕೂದಲು, ಮೊಣಕಾಲಿನವರೆಗಿನ ಅಂಗಿ, ಕಾಲಿಗೆ ಗಂಡಸರಂಥ ಇಜಾರ. ಅತಿಥಿಗಳು ಬಂದರೆ ಭಾರಿ ಔತಣವಿಲ್ಲ, ಬ್ರೆಡ್ಡು, ಹಣ್ಣು, ಬಟ್ಟಲಲ್ಲಿ ಹೆಪ್ಪುಗಟ್ಟಿದ ಮೊಸರು. ಇಲ್ಲಿಯವರಿಗೆ ಇದು ವಿಚಿತ್ರವೆಂದು ದಾಖಲಾಗಿದೆ. ಬಂದವರ ಮುಂದೆ ಮೊಸರು ಇಡುವವರನ್ನು ನಾನು ಸ್ವಂತದವರೆಂದೇ ಭಾವಿಸುತ್ತೇನೆ. 1902ರಲ್ಲಿ ಕಟ್ಟಡಕ್ಕೆ ಒಂದು ಗೋಪುರ ಸೇರಿತು. ಅದರಲ್ಲಿ ಮೇಲಿನ ಕೋಣೆ ಎಡ್ಮಂಡ್ ಅವರ ಓದಿಗೆ.

ಈಗ ಒಳಗೆ ನಿಂತು ನೋಡೋಣ. ದೊಡ್ಡ ಕಿಟಕಿಯಿಂದ ಬೆಳಕು ಬೀಳುವ ಎತ್ತರದ ಕೋಣೆ. ಸುತ್ತಲೂ ಇರುವುದರಲ್ಲಿ ಬಹುಪಾಲು ಅಮೃತಶಿಲೆಯಲ್ಲ, ಪ್ಲಾಸ್ಟರ್. ಮೊದಲ ಸಲ ಹೋದಾಗ ನನಗೆ ನಿರಾಸೆಯಾಗಿತ್ತು, ಅಸಲಿ ಎಲ್ಲೋ ಇದೆ, ಇಲ್ಲಿರುವುದು ನಕಲು ಎಂದುಕೊಂಡಿದ್ದೆ. ಅದು ನನ್ನ ತಪ್ಪು ತಿಳಿವಳಿಕೆ. ಆ ಕಾಲದ ಶಿಲ್ಪಿ ಮೊದಲು ಕೂಡಿಸುವುದು ಜೇಡಿಮಣ್ಣಿನಲ್ಲಿ. ಒಳಗೆ ಕಬ್ಬಿಣದ ಸರಳಿನ ಅಸ್ಥಿಪಂಜರ, ಮೇಲೆ ಮಣ್ಣು. ಒಣಗಿದರೆ ಬಿರಿಯುತ್ತದೆ, ಹಾಗಾಗಿ ರಾತ್ರಿ ಒದ್ದೆ ಬಟ್ಟೆ ಹೊದಿಸಬೇಕು. ನಮ್ಮ ಕಡೆ ಗಣಪತಿ ಮಾಡುವವರೂ ಹಸಿ ಬಟ್ಟೆ ಸುತ್ತಿಡುತ್ತಾರಲ್ಲ, ಹಾಗೆ. ಮಣ್ಣಿನ ರೂಪ ಪೂರ್ತಿಯಾದ ಮೇಲೆ ಅದರ ಮೇಲೆ ಪ್ಲಾಸ್ಟರ್ ಬಳಿದು ಅಚ್ಚು ತೆಗೆಯುತ್ತಾರೆ. ಅಚ್ಚಿನೊಳಗಿನ ಮಣ್ಣನ್ನು ಕಿತ್ತು ತೆಗೆದಾಗ ಮೂಲ ಹಾಳಾಗಿ ಹೋಗುತ್ತದೆ. ಆ ಪೊಳ್ಳಿನಲ್ಲಿ ಹೊಸ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಹೊರಗಿನ ಅಚ್ಚನ್ನು ಚೂರುಚೂರಾಗಿ ಒಡೆದು ಬಿಡಿಸುತ್ತಾರೆ. ಹೊರಬಂದ ಆ ಬಿಳಿಯ ಪ್ರತಿಮೆಯೇ ಮುಂದಿನ ಎಲ್ಲ ಕೆಲಸಕ್ಕೂ ಆಧಾರ. ಅದರ ಮೇಲೆ ಗುರುತು ಚುಕ್ಕಿಗಳನ್ನಿಟ್ಟು, ಒಂದೊಂದು ಚುಕ್ಕಿಯ ಆಳವನ್ನೂ ಅಳೆದು, ಕಲ್ಲುಕುಟಿಗರು ಅಮೃತಶಿಲೆಗೆ ಇಳಿಸುತ್ತಾರೆ. ಕಲ್ಲಿನಲ್ಲಿ ಹತ್ತಾರು ಕೈಗಳು ಬೆರೆತಿರುತ್ತವೆ, ಮೇಲ್ಮೈಯನ್ನು ಉಜ್ಜಿ ನುಣುಪು ಮಾಡಿರುತ್ತಾರೆ. ಆಕೆಯ ಬೆರಳು ಮಣ್ಣಿಗೆ ಒತ್ತಿದ ಒತ್ತು, ಮರದ ಅಲಗು ಎಳೆದ ಗೆರೆ, ಇವು ಹಾಗೇ ಉಳಿದಿರುವುದು ಪ್ಲಾಸ್ಟರಿನಲ್ಲಿ.

ಇದು ತಿಳಿದ ಮೇಲೆ ನಾನು ಆ ಮನೆಗೆ ಹೋಗುವ ಬಗೆಯೇ ಬದಲಾಯಿತು. ಕ್ಯಾಪಿಟಲ್‌ನ ಹೂಸ್ಟನ್ನಿಗಿಂತ ಇಲ್ಲಿಯ ಹೂಸ್ಟನ್ ನನಗೆ ಮೇಲು. ಆಕೆಯ ಕೊನೆಯ ದೊಡ್ಡ ಕೆಲಸ, ನಿದ್ದೆಯಲ್ಲಿ ನಡೆಯುತ್ತ ಕೈಯ ಕಲೆ ಉಜ್ಜುವ ಲೇಡಿ ಮ್ಯಾಕ್‌ಬೆತ್, ಅದರ 1905ರ ಅಮೃತಶಿಲೆ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿದೆ, ಪ್ಲಾಸ್ಟರ್ ಇಲ್ಲಿದೆ. ತಿರುಚಿದ ಆ ಕೈಗಳನ್ನು ನೋಡಿ, ಪಕ್ಕದಲ್ಲಿಟ್ಟ ಉಪಕರಣಗಳನ್ನು ನೋಡಿ, ಮತ್ತೆ ಕೈಗಳನ್ನು ನೋಡಬೇಕು. ಬೇರೆ ಮ್ಯೂಸಿಯಮ್ಮುಗಳಲ್ಲಿ ಕೃತಿ ಒಂದು ಕಡೆ, ಮಾಡಿದವರು ಹೆಸರಿನ ಚೀಟಿಯಲ್ಲಿ ಇನ್ನೊಂದು ಕಡೆ. ಇಲ್ಲಿ ಎರಡಕ್ಕೂ ನಡುವೆ ನಾಲ್ಕು ಹೆಜ್ಜೆ.

1907ರ ಜೂನ್ 29ರಂದು ಎಲಿಸಬೆಟ್ ಇದೇ ಊರಿನಲ್ಲಿ ತೀರಿಕೊಂಡರು. ಲಿಯೆಂಡೋದಲ್ಲಿ ಮಣ್ಣಾದರು, 1911ರಲ್ಲಿ ಎಡ್ಮಂಡ್ ಕೂಡ ಅವರ ಪಕ್ಕಕ್ಕೆ ಸೇರಿದರು. ಶಿಲ್ಪಿ ಸತ್ತ ಮೇಲೆ ಶಿಲ್ಪದ ಮನೆಗೆ ಏನಾಗುತ್ತದೆ ಎಂಬುದು ನಮಗೆ ಗೊತ್ತೇ ಇದೆ. ಅಮೃತಶಿಲೆಗೆ ಕೊಳ್ಳುವವರಿದ್ದಾರೆ, ಪ್ಲಾಸ್ಟರಿಗೆ ಯಾರಿದ್ದಾರೆ? ಒಂದು ಮಳೆಗಾಲ ಮಾಳಿಗೆ ಸೋರಿದರೆ ಸಾಕು. ಆಗ ಮುಂದೆ ಬಂದವರು ಆಕೆಯ ಗೆಳತಿ ಎಲ್ಲಾ ಡ್ಯಾನ್ಸಿ ಡಿಬ್ರೆಲ್ ಮತ್ತು ಅವರ ಗಂಡ. ಕೃತಿಗಳು ಟೆಕ್ಸಸ್ ವಿಶ್ವವಿದ್ಯಾಲಯದ ಪಾಲಾದವು. ಡಿಬ್ರೆಲ್ ದಂಪತಿ 1908ರಲ್ಲಿ ಕಟ್ಟಡವನ್ನೇ ಕೊಂಡು, ಕೃತಿಗಳು ಅಲ್ಲಿಂದ ಕದಲದಂತೆ ನೋಡಿಕೊಂಡರು. 1911ರಲ್ಲಿ ಗೆಳೆಯರೆಲ್ಲ ಸೇರಿ ಅದೇ ಮನೆಯಲ್ಲಿ ಟೆಕ್ಸಸ್ ಲಲಿತಕಲಾ ಸಂಘ ಕಟ್ಟಿದರು. ಮೂವತ್ತು ವರ್ಷ ಸಂಘವೇ ಮನೆಯನ್ನು ಕಾಯಿತು, 1941ರಲ್ಲಿ ನಗರಾಡಳಿತ ವಹಿಸಿಕೊಂಡಿತು. ಯುಗಾದಿಗೆ ಹಾಲ್ ಬುಕ್ ಮಾಡುವುದು, ಊಟದ ಲೆಕ್ಕ ಬರೆಯುವುದು, ಖುರ್ಚಿ ಎತ್ತಿಡುವುದು ಸಂಘದ ಕೆಲಸವೆಂದು ನಾವು ತಿಳಿದಿದ್ದೇವೆ. ಒಬ್ಬ ಶಿಲ್ಪಿಯ ಉಳಿ ಸುತ್ತಿಗೆ ಉಳಿದಿರುವುದೂ ಹಾಗೆ ಖುರ್ಚಿ ಎತ್ತಿಡುವಂಥ ಜನರಿಂದಲೇ.

ನನಗೆ ಇದು ಇಷ್ಟು ನಾಟಲು ಕಾರಣ 2009ರ ಅಕ್ಟೋಬರ್. ಆ ತಿಂಗಳ ಆರಂಭದಲ್ಲಿ ತುಂಗಭದ್ರೆ ಮಂತ್ರಾಲಯವನ್ನು, ಕರ್ನೂಲನ್ನು ಮುಳುಗಿಸಿದ ಸುದ್ದಿ ಎಲ್ಲರಿಗೂ ನೆನಪಿದೆ. ನಾಗಲದಿನ್ನೆಯೂ ಮುಳುಗಿತು, ಆಚೆ ದಡಕ್ಕೆ ಹೋಗುವ ಸೇತುವೆ ಕೊಚ್ಚಿಹೋಯಿತು. ನಮ್ಮ ಅಜ್ಜಿಯ ಮನೆ ಕಲ್ಲು ಮಣ್ಣಿನ ಗೋಡೆಯದು, ಮಣ್ಣಿನ ಮಾಳಿಗೆಯದು. ನೀರು ಇಳಿದ ಮೇಲೆ ಉಳಿದದ್ದು ಸೊಂಟದೆತ್ತರದ ಮೆಕ್ಕಲು. ಅಜ್ಜನ ಲೆಕ್ಕದ ಪುಸ್ತಕ, ಅವ್ವನ ಮದುವೆಯ ಪೆಟ್ಟಿಗೆ, ಗೋಡೆಯ ಮೇಲಿದ್ದ ಒಂದೇ ಒಂದು ಫೋಟೋ, ಯಾವುದೂ ಸಿಗಲಿಲ್ಲ. ಸಿಕ್ಕಿದ್ದು ಅಜ್ಜಿಯ ಬೀಸುಕಲ್ಲು. ಗೂಟ ಹೋಗಿತ್ತು, ಕಲ್ಲು ಹಾಗೇ ಇತ್ತು, ಗೂಟದ ಕುಳಿಯ ಸುತ್ತ ಅಜ್ಜಿಯ ಅಂಗೈ ಉಜ್ಜಿ ಉಜ್ಜಿ ನುಣುಪಾದ ಜಾಗದ ಸಮೇತ.

ಕಳೆದ ತಿಂಗಳು ಮಗಳನ್ನು ಕರೆದುಕೊಂಡು ಫಾರ್ಮೋಸಾಗೆ ಹೋಗಿದ್ದೆ. ಅವಳು ಪ್ಲಾಸ್ಟರಿನ ಹತ್ತಿರ ಮುಖ ಒಯ್ದು, ಮಡಿಕೆಯೊಂದರಲ್ಲಿ ಉಳಿದ ಅಲಗಿನ ಗೆರೆ ನೋಡಿ, “ಅಪ್ಪಾ, ಇದು ಅವರದೇನಾ?” ಎಂದು ಕೇಳಿದಳು. ಹೌದು ಎಂದೆ. ಕೈ ಚಾಚಿದವಳು, ಮುಟ್ಟಬಾರದೆಂಬ ಫಲಕ ನೋಡಿ ಹಿಂದಕ್ಕೆ ತೆಗೆದುಕೊಂಡಳು.

ಆ ರಾತ್ರಿಯೇ ಮಾವನಿಗೆ ಫೋನು ಮಾಡಿದೆ. ಬೀಸುಕಲ್ಲು ಈಗ ಅವರ ಹೊಸ ಮನೆಯಲ್ಲಿದೆ. ಅದಕ್ಕೆ ಬಣ್ಣ ಹೊಡೆಸಿ ತುಳಸಿ ಕಟ್ಟೆಯ ಪಕ್ಕ ಕೂಡಿಸುತ್ತೇನೆಂದು ಹಬ್ಬದ ಹೊತ್ತಿಗೆ ಹೇಳಿದ್ದರು.

“ಮಾವ, ಬಣ್ಣ ಬ್ಯಾಡ. ಹಂಗೇ ಇರ್ಲಿ.”

“ಆತು ಬಿಡಪ, ಇನ್ನಾ ಹೊಡಿಸಿಲ್ಲ” ಎಂದರು. ಗೂಟ ಮಾತ್ರ ಹೊಸದು ಹಾಕಿಸಿದ್ದಾರಂತೆ, ಬೇವಿನದು.